ಅಡ್ವೆಂಚರ್ ಬೈಕಿನ ಪ್ಲಾಸ್ಟಿಕ್ ಒಡೆದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಲ್ಲಿ ಚಾರ್ಮಾಡಿ ಚೆನ್ನಾಗಿರುತ್ತದೋ ಕುದುರೆಮುಖದ ಕಡೆ ಚೆನ್ನಾಗಿರುತ್ತದೋ ಎಂದು ಕೇಳಿದವರೇ ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ, ಸೈಡ್ ಪ್ಯಾನೆಲ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಹಿಮಾಲಯನ್, ಎಕ್ಸ್‌ಪಲ್ಸ್, 390 ಅಡ್ವೆಂಚರ್, ಯಾವ ಬೈಕೇ ಆಗಲಿ, ಕಾಫಿ ತೋಟದ ಕೆಸರಿನಲ್ಲಿ ಒಮ್ಮೆ ಮಲಗಿದರೆ ಮೊದಲು ಏಟು ತಿನ್ನುವುದು ಪ್ಲಾಸ್ಟಿಕ್. ಒಬ್ಬೊಬ್ಬರಿಗೆ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಿಮ್ಮ ಬೈಕಿನ ಬೋಲ್ಟುಗಳ ಜಾಗ, ಬಿಗಿಯ ಅಳತೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಇಲ್ಲಿರುವುದು ಯಾವ ಬೈಕಿಗಾದರೂ ಹೊಂದುವ ಮಾತು.

ಒಡೆದಿರುವುದು ಪ್ಲಾಸ್ಟಿಕ್ ಮಾತ್ರ. ಹಾಗೆಯೇ ಓಡಿಸಬಹುದೇ?

ಯಾವ ಪ್ಲಾಸ್ಟಿಕ್ ಎಂಬುದರ ಮೇಲೆ ಹೋಗುತ್ತದೆ. ಟ್ಯಾಂಕಿನ ಪಕ್ಕದ ಪ್ಯಾನೆಲ್ ಬಿರುಕು ಬಿಟ್ಟು ಗಟ್ಟಿಯಾಗಿಯೇ ಕೂತಿದ್ದರೆ ಓಡಿಸಿ, ನಿಧಾನವಾಗಿ ಸರಿಮಾಡಿಕೊಳ್ಳಿ. ಆದರೆ ಚಕ್ರಕ್ಕೆ ಹತ್ತಿರವಿರುವ ಯಾವುದೇ ತುಂಡು ಅಲುಗಾಡುತ್ತಿದ್ದರೆ ಅಲ್ಲೇ ನಿಲ್ಲಿಸಬೇಕು. ಮುಂದಿನ ಮಡ್‌ಗಾರ್ಡ್ ಒಂದು ಬದಿ ಕಳಚಿ ಟೈರಿಗೆ ಸಿಕ್ಕಿಕೊಂಡರೆ ಚಕ್ರವೇ ಹಿಡಿದುಕೊಳ್ಳುತ್ತದೆ. ಹೆಡ್‌ಲೈಟ್ ಕೂರುವ ಚೌಕಟ್ಟು ಮುರಿದಿದ್ದರೆ ಬೆಳಕು ರಸ್ತೆಯ ಬದಲು ಮರದ ಮೇಲೆ ಬೀಳುತ್ತದೆ. ಕತ್ತಲಾದ ಮೇಲೆ ಘಾಟಿ ಇಳಿಯುವ ಯೋಚನೆ ಬೇಡ.

ಹೆಚ್ಚಿನವರ ಕಣ್ಣಿಗೆ ಬೀಳದೆ ಹೋಗುವುದು ಏರ್ ಫಿಲ್ಟರ್ ಡಬ್ಬಿ. ಅದರ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಫಿಲ್ಟರನ್ನು ದಾಟದ ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ, ಹಳ್ಳ ದಾಟುವಾಗ ನೀರೂ ಹೋಗುತ್ತದೆ. ಹೊರಗಿನಿಂದ ಅಂಟಿಸಿ ಸಮಾಧಾನಪಟ್ಟುಕೊಳ್ಳುವ ಭಾಗ ಅದಲ್ಲ, ಬದಲಿಸಿಬಿಡಿ. ಕೂಲೆಂಟ್ ಬಾಟಲಿಗೂ ಇದೇ ಮಾತು.

ಅಂಟಿಸಿದರೆ ಸಾಕೇ, ಹೊಸದೇ ಹಾಕಬೇಕೇ?

ಬಿರುಕು ಅಗಲ ಜಾಗದಲ್ಲಿದ್ದರೆ ಬೆಸೆಯಬಹುದು. ಬೋಲ್ಟು ಕೂರುವ ಕಿವಿ ಅಥವಾ ಒಳಗಿನ ಲಾಕು ಮುರಿದಿದ್ದರೆ ನಾನು ಹೊಸದರ ಕಡೆಗೇ ವಾಲುತ್ತೇನೆ. ಪ್ಯಾನೆಲ್‌ನ ಇಡೀ ಭಾರ, ಅದುರುವಿಕೆ ಎಲ್ಲ ಆ ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಬೀಳುತ್ತದೆ. ಅಂಟು ಅಷ್ಟು ಹೊರೆಯನ್ನು ಬಹಳ ದಿನ ಹೊರಲಾರದು. ಹೊಸ ಭಾಗ ಬರುವವರೆಗೆ ತಾತ್ಕಾಲಿಕವಾಗಿ ಬೆಸೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಫೆವಿಕ್ವಿಕ್ ಹಾಕಿದೆ, ಎಂ-ಸೀಲ್ ಮೆತ್ತಿದೆ. ಎರಡೂ ಎದ್ದು ಬಂದವು. ಏಕೆ?

ನಿಮ್ಮ ಭಾಗ ಪಾಲಿಪ್ರೊಪಿಲೀನ್ ಆಗಿರಬೇಕು. ಈ ಬೈಕುಗಳಲ್ಲಿ ಹೆಚ್ಚಾಗಿ ಎರಡು ಬಗೆಯ ಪ್ಲಾಸ್ಟಿಕ್ ಬಳಸುತ್ತಾರೆ. ಬಣ್ಣ ಬಳಿದ, ನುಣುಪಾದ, ಗಡುಸಾದ ಪ್ಯಾನೆಲ್‌ಗಳು ಸಾಮಾನ್ಯವಾಗಿ ಎಬಿಎಸ್. (ಬ್ರೇಕಿನ ಎಬಿಎಸ್‌ಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಒಂದು.) ಬಣ್ಣವಿಲ್ಲದ, ತರಿತರಿ ಮೈಯ, ಬಗ್ಗಿಸಿದರೆ ಬಾಗುವ ಕಪ್ಪು ಭಾಗಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಪಿಪಿಯ ಮೈ ಮೇಣದ ಹಾಗೆ. ಸಾಮಾನ್ಯ ಅಂಟು ಯಾವುದೂ ಅದಕ್ಕೆ ಹಿಡಿಯುವುದಿಲ್ಲ, ಎಷ್ಟು ಮೆತ್ತಿದರೂ ಸಿಪ್ಪೆಯಂತೆ ಎದ್ದು ಬರುತ್ತದೆ.

ಊಹಿಸುವ ಬದಲು ಭಾಗವನ್ನು ತಿರುಗಿಸಿ ಒಳಮೈ ನೋಡಿ. ಎರಡು ಬಾಣದ ತಲೆಗಳ ನಡುವೆ ಪ್ಲಾಸ್ಟಿಕ್ಕಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಕೆಸರು ತೊಳೆದು ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಅಚ್ಚು ಸಿಗದಿದ್ದರೆ ಮುರಿದ ಚೂರೊಂದನ್ನು ಲೋಟದ ನೀರಿಗೆ ಹಾಕಿ. ಪಿಪಿ ನೀರಿಗಿಂತ ಹಗುರ, ತೇಲುತ್ತದೆ. ಎಬಿಎಸ್ ಮುಳುಗುತ್ತದೆ. ಬಣ್ಣ ಅಂಟಿರದ ಚೂರನ್ನೇ ಹಾಕಬೇಕು.

ಎಬಿಎಸ್ ಆಗಿದ್ದರೆ ಕೆಲಸ ಸುಲಭ. ಅದು ಅಸಿಟೋನ್‌ನಲ್ಲಿ ಕರಗುತ್ತದೆ. ಅದೇ ಪ್ಯಾನೆಲ್‌ನ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನ್ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ದೋಸೆ ಹಿಟ್ಟಿನ ಹದಕ್ಕೆ ಬಂದಿರುತ್ತದೆ. ಬಿರುಕಿನ ಎರಡೂ ತುದಿಯಲ್ಲಿ 3 ಮಿಲಿಮೀಟರ್ ತೂತು ಕೊರೆಯಿರಿ. ಇದನ್ನು ಬಿಟ್ಟರೆ ಬಿರುಕು ಮುಂದಕ್ಕೆ ಹರಿಯುತ್ತಲೇ ಇರುತ್ತದೆ. ಒಳಬದಿಯನ್ನು ಉಜ್ಜುಕಾಗದದಿಂದ ತರಿಮಾಡಿ, ತೆಳುವಾದ ಸ್ಟೀಲ್ ಜಾಲರಿ ಇಟ್ಟು, ಮೇಲೆ ಈ ಹಿಟ್ಟು ಹಚ್ಚಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ, ಒಲೆಯ ಹತ್ತಿರ ಇಡಬೇಡಿ. ಹೊರಬದಿಯ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ.

ಪಿಪಿಗೆ ಬಿಸಿಯೇ ದಾರಿ. ಸೋಲ್ಡರಿಂಗ್ ಐರನ್‌ನಿಂದ ಅಂಚುಗಳನ್ನು ಕರಗಿಸಿ, ಅದೇ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಕಡ್ಡಿಯಂತೆ ಕರಗಿಸಿ ತುಂಬಬೇಕು. ಪಿಪಿಯ ಗಾಯಕ್ಕೆ ಎಬಿಎಸ್ ಕಡ್ಡಿ ಬೆರೆಯುವುದಿಲ್ಲ. ಕಿಟಕಿ ತೆರೆದು ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಹೊಸ ಭಾಗ ತರಿಸುವಾಗ ಎಲ್ಲಿ ತಪ್ಪುತ್ತದೆ?

ಎಡ ಬಲದಲ್ಲಿ. ಬೈಕಿನ ಎಡ ಬಲ ಯಾವಾಗಲೂ ಸೀಟಿನ ಮೇಲೆ ಕೂತವರ ಎಡ ಬಲ. ಎದುರು ನಿಂತು ಫೋಟೊ ತೆಗೆದು ಕಳಿಸಿದರೆ ಕೌಂಟರಿನವರೂ ಗೊಂದಲಕ್ಕೆ ಬೀಳುತ್ತಾರೆ. ಎರಡನೆಯದು ತಯಾರಿಕೆಯ ವರ್ಷ. ಒಂದೇ ಹೆಸರಿನ ಬೈಕು ನಡುವೆ ಬದಲಾಗಿರುತ್ತದೆ. 2016ರಲ್ಲಿ ಬಂದ 411 ಸಿಸಿ ಹಿಮಾಲಯನ್ ಮತ್ತು 2023ರ ಕೊನೆಗೆ ಬಂದ 450, ಹೆಸರೊಂದನ್ನು ಬಿಟ್ಟರೆ ಬೇರೆಯೇ ಬೈಕುಗಳು. ಆದ್ದರಿಂದ ಚಾಸಿಸ್ ಸಂಖ್ಯೆ ಕೊಟ್ಟು, ಪಾರ್ಟ್ ಸಂಖ್ಯೆ ಬರೆಸಿಕೊಂಡು ಆರ್ಡರ್ ಮಾಡಿ. ಬಣ್ಣಕ್ಕೊಂದು ಬೇರೆ ಪಾರ್ಟ್ ಸಂಖ್ಯೆ ಇರುತ್ತದೆ. ಸ್ಟಿಕ್ಕರ್ ಅಂಟಿಸಿಯೇ ಬರುತ್ತದೋ ಬೇರೆ ಕೊಳ್ಳಬೇಕೋ ಎಂದೂ ಕೇಳಿಕೊಳ್ಳಿ.

ಪೊಟ್ಟಣವನ್ನು ಅಂಗಡಿಯಲ್ಲೇ ಬಿಚ್ಚಿ ಬೈಕಿನಲ್ಲಿರುವ ಹಳೆಯದರ ಪಕ್ಕ ಇಟ್ಟು ನೋಡಿ. ಹಾಗೆಯೇ ಲೇಬಲ್ಲಿನ ಬೆಲೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಕಪಾಟಿನಲ್ಲಿ ಮೊದಲಿನಿಂದ ಇದ್ದ ಪೊಟ್ಟಣಗಳ ಮೇಲೆ ಹಳೆಯ ದರವೇ ಅಚ್ಚಾಗಿರಬಹುದು.

ಪ್ಯಾನೆಲ್ ಜೊತೆಗೆ ರಬ್ಬರ್ ಗ್ರಾಮೆಟ್ (ತೂತಿನೊಳಗೆ ಕೂರುವ ರಬ್ಬರ್ ಉಂಗುರ), ಲೋಹದ ಬುಷ್ (ಅದರೊಳಗೆ ಕೂರುವ ಕೊಳವೆ), ಕ್ಲಿಪ್ ನಟ್ (ಅಂಚಿಗೆ ಸಿಕ್ಕಿಸುವ ನಟ್), ಅದರದೇ ಬೋಲ್ಟು, ಇವನ್ನೂ ತರಿಸಿ. ಪ್ಯಾನೆಲ್‌ನ ಬೆಲೆಯ ಮುಂದೆ ಇವು ಲೆಕ್ಕಕ್ಕೇ ಇಲ್ಲ. ಇವುಗಳ ವಿಚಾರ ಮುಂದೆ ವಿವರವಾಗಿ ಹೇಳುತ್ತೇನೆ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಅದನ್ನು ನೆನಪಿಡಿ.

ಕಂಪನಿಯ ಭಾಗವೇ ಬೇಕೇ? ಹೊರಗಿನದು ಆಗುವುದಿಲ್ಲವೇ?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬದಲಿ ಭಾಗ ಅರ್ಧ ಬೆಲೆಗೂ ಸಿಗಬಹುದು. ವೈಸರ್ (ಹೆಡ್‌ಲೈಟ್ ಮೇಲೆ ಗಾಳಿ ತಡೆಯುವ ಹಾಳೆ), ಹ್ಯಾಂಡ್ ಗಾರ್ಡ್ ಹೊರಗಿನದು ಹಾಕಿದರೆ ತೊಂದರೆಯಿಲ್ಲ. ಸೈಡ್ ಪ್ಯಾನೆಲ್ ಮತ್ತು ಮಡ್‌ಗಾರ್ಡಿನಲ್ಲಿ ತೂತುಗಳು ಕೂದಲೆಳೆ ಅತ್ತಿತ್ತ ಇದ್ದರೂ ಎಳೆದು ಕೂರಿಸಬೇಕಾಗುತ್ತದೆ. ಹಾಗೆ ಎಳೆದು ಕೂರಿಸಿದ ಪ್ಲಾಸ್ಟಿಕ್ ಕೂತ ದಿನದಿಂದಲೇ ಒಡೆಯಲು ಕಾಯುತ್ತಿರುತ್ತದೆ.

ಈಚೆಗೆ ಕೆಲವರು ಸಣ್ಣ ಬ್ರಾಕೆಟ್‌ಗಳನ್ನು ತ್ರೀಡಿ ಪ್ರಿಂಟ್ ಮಾಡಿಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಪಿಎಲ್‌ಎ ಎಂಬ ಅಗ್ಗದ ಪ್ಲಾಸ್ಟಿಕ್ ಬೇಡ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಅದು ಮೆದುವಾಗುತ್ತದೆ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಪ್ಪು ಬೈಕಿನ ಮೇಲೆ ಉಳಿಯಲಾರದು. ಎಎಸ್‌ಎ ಎಂಬುದು ಬಿಸಿಲು, ಶಾಖ ಎರಡನ್ನೂ ತಡೆಯುತ್ತದೆ.

ಮನೆಯಲ್ಲೇ ಬದಲಿಸಲು ಏನೇನು ಬೇಕು?

4 ಮತ್ತು 5 ಮಿಲಿಮೀಟರ್ ಅಲೆನ್ ಕೀ, 8 ಮತ್ತು 10ರ ಸ್ಪ್ಯಾನರ್, ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಪಟ್ಟಿಯೊಂದು (ಹಳೆಯ ಎಟಿಎಂ ಕಾರ್ಡ್ ಆದರೂ ಸರಿ), ಬಿಚ್ಚಿದ ಬೋಲ್ಟು ಹಾಕಿಡಲು ಒಂದು ತಟ್ಟೆ. ಕೆಸರು ತಿಂದು ಸವೆದ ಅಲೆನ್ ಕೀ ಬಳಸಬೇಡಿ. ಬೋಲ್ಟಿನ ತಲೆ ಗುಂಡಗಾದರೆ ಹತ್ತು ನಿಮಿಷದ ಕೆಲಸ ಅರ್ಧ ದಿನ ಹಿಡಿಯುತ್ತದೆ.

ಸೈಡ್ ಪ್ಯಾನೆಲ್ ಬಿಚ್ಚುವಾಗ ಇನ್ನೊಂದು ಲಾಕು ಮುರಿಯದಂತೆ ನೋಡಿಕೊಳ್ಳುವುದು ಹೇಗೆ?

ಮೊದಲು ತೊಳೆದು ಒಣಗಿಸಿ. ಕೆಸರಿನ ಕಣ ಲಾಕಿನೊಳಗೆ ಸೇರಿಕೊಂಡು ಬೆಣೆ ಹೊಡೆದಂತೆ ಕೂತಿರುತ್ತದೆ. ಬಿಸಿಲು ಕಾದ ಹೊತ್ತಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಮಡಿಕೇರಿ, ಮೂಡಿಗೆರೆಯ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಸೆಟೆದಿರುತ್ತದೆ, ಆಗ ಎಳೆದರೆ ಸುಲಭವಾಗಿ ಮುರಿಯುತ್ತದೆ.

ಸೀಟು ತೆಗೆದು, ಕಾಣುವ ಬೋಲ್ಟುಗಳನ್ನೆಲ್ಲ ಬಿಚ್ಚಿದ ಮೇಲೂ ಪ್ಯಾನೆಲ್ ಬರಲಿಲ್ಲವೆಂದರೆ ಜೋರಾಗಿ ಎಳೆಯುವ ಬದಲು ನಿಲ್ಲಿಸಿ. ಎಲ್ಲೋ ಇನ್ನೊಂದು ಬೋಲ್ಟು ಇದೆ ಎಂದರ್ಥ. ಪಕ್ಕದ ಪ್ಯಾನೆಲ್‌ನ ಅಂಚಿನ ಕೆಳಗೆ, ಟ್ಯಾಂಕಿನ ಮುಂಭಾಗದಲ್ಲಿ, ರೇಡಿಯೇಟರ್ ಬದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಎಲ್ಲ ಬಿಚ್ಚಿದ ಮೇಲೆ ಉಳಿಯುವುದು ಎರಡು ಬಗೆಯ ಹಿಡಿತ. ಒಂದು, ರಬ್ಬರ್ ಗ್ರಾಮೆಟ್‌ನೊಳಗೆ ಕೂತ ಮೊಳೆಯಂಥ ಗೂಟ. ಅದರ ಹತ್ತಿರವೇ ಬೆರಳು ಹಾಕಿ ನೇರ ಹೊರಕ್ಕೆ ಎಳೆಯಬೇಕು, ದೂರದ ಅಂಚು ಹಿಡಿದು ಎಳೆದರೆ ಗೂಟ ಅಲ್ಲೇ ಉಳಿದು ಪ್ಯಾನೆಲ್ ಕೈಗೆ ಬರುತ್ತದೆ. ಇನ್ನೊಂದು, ಕೊಕ್ಕೆ. ಅದು ಎಳೆದರೆ ಬರುವುದಿಲ್ಲ, ಮುಂದಕ್ಕೋ ಹಿಂದಕ್ಕೋ ಜಾರಿಸಬೇಕು. ಯಾವ ಕಡೆಗೆ ಜಾರುತ್ತದೆ ಎಂಬುದನ್ನು ಕೈಯಲ್ಲಿರುವ ಹೊಸ ಪ್ಯಾನೆಲ್‌ನ ಒಳಮೈ ನೋಡಿದರೆ ಗೊತ್ತಾಗುತ್ತದೆ. ಅದಕ್ಕೇ ಹೊಸದು ಬರುವ ಮೊದಲು ಹಳೆಯದನ್ನು ಬಿಚ್ಚಲು ಹೋಗಬೇಡಿ ಎನ್ನುತ್ತೇನೆ.

ಇಂಡಿಕೇಟರ್ ಪ್ಯಾನೆಲ್‌ಗೇ ಸೇರಿದ್ದರೆ ವೈರಿನ ಕನೆಕ್ಟರ್ ಬಿಡಿಸಿದ ಮೇಲೆ ಪೂರ್ತಿ ತೆಗೆಯಿರಿ. ಪ್ರತಿ ಬೋಲ್ಟು ಬಿಚ್ಚಿದಾಗ ಒಂದು ಫೋಟೊ ತೆಗೆದುಕೊಳ್ಳಿ, ಏಕೆಂದರೆ ಉದ್ದ ಒಂದೇ ಇರುವುದಿಲ್ಲ.

ಹೊಸ ಪ್ಯಾನೆಲ್ ಹಾಕಿ ಮೂರು ತಿಂಗಳಾಗಿಲ್ಲ, ಅದೇ ಜಾಗದಲ್ಲಿ ಮತ್ತೆ ಬಿರುಕು. ಏಕೆ?

ಇದು ನನಗೂ ಆಗಿದೆ. ಒಂದು ಜುಲೈನಲ್ಲಿ ಮೂಡಿಗೆರೆ ಬಳಿಯ ತೋಟದ ದಾರಿಯಲ್ಲಿ ಬೈಕು ಎಡಕ್ಕೆ ಮಲಗಿತು, ಟ್ಯಾಂಕಿನ ಪಕ್ಕದ ಪ್ಯಾನೆಲ್‌ನ ಮುಂದಿನ ಕಿವಿ ಮುರಿಯಿತು. ಗ್ಯಾರೇಜೊಂದರಲ್ಲಿ ಹೊಸದು ಹಾಕಿಸಿದೆ. ದಸರಾ ಹೊತ್ತಿಗೆ ಅದೇ ಕಿವಿಯ ಬುಡದಲ್ಲಿ ಉಗುರು ಗೀರಿದಂಥ ಬಿಳಿ ಗೆರೆ ಕಂಡಿತು, ಮುಂದಿನ ವಾರ ಬಿರುಕಾಯಿತು. ಬೀಳಲಿಲ್ಲ, ತಾಗಲಿಲ್ಲ. ಬಿಚ್ಚಿ ಮನೆಯ ಜಗಲಿಯ ಮೇಲೆ ಹಳೆಯದು, ಹೊಸದು ಎರಡನ್ನೂ ಇಟ್ಟುಕೊಂಡು ಕೂತೆ. ಹಳೆಯದರ ತೂತಿನೊಳಗೆ ಅವರೆಕಾಳಿನಷ್ಟು ದೊಡ್ಡದೊಂದು ಲೋಹದ ಬುಷ್ ಇತ್ತು, ಟೋಪಿಯ ಹಾಗೆ ಅಂಚಿರುವಂಥದ್ದು. ಸುತ್ತ ರಬ್ಬರ್ ಗ್ರಾಮೆಟ್. ಹೊಸದರಲ್ಲಿ ಎರಡೂ ಇರಲಿಲ್ಲ. ಹಳೆಯ ಪ್ಯಾನೆಲ್‌ನಲ್ಲೇ ಅವನ್ನು ಬಿಟ್ಟು, ಬೋಲ್ಟನ್ನು ಪ್ಲಾಸ್ಟಿಕ್ ಮೇಲೆಯೇ ಬಿಗಿದಿದ್ದರು.

ಆ ಬುಷ್ ಇದ್ದರೆ ಬೋಲ್ಟು ಎಷ್ಟು ಬಿಗಿದರೂ ಒತ್ತಡ ಲೋಹದ ಮೇಲೆ ಹೋಗುತ್ತದೆ. ಪ್ಲಾಸ್ಟಿಕ್ ರಬ್ಬರಿನ ನಡುವೆ ತೇಲುತ್ತಿರುತ್ತದೆ, ಎಂಜಿನ್ನಿನ ಅದುರು ಅದಕ್ಕೆ ತಟ್ಟುವುದಿಲ್ಲ. ಬುಷ್ ಇಲ್ಲದಿದ್ದರೆ ಬೋಲ್ಟಿನ ತಲೆ ಪ್ಲಾಸ್ಟಿಕ್ಕನ್ನು ಹಿಸುಕುತ್ತದೆ, ಪ್ರತಿ ಗುಂಡಿಯೂ ಆ ಬಿಳಿ ಗೆರೆಯನ್ನು ಒಂದಿಷ್ಟು ಉದ್ದ ಮಾಡುತ್ತದೆ. ಹೊಸ ಗ್ರಾಮೆಟ್, ಬುಷ್ ಹಾಕಿ, ಕಿವಿಯನ್ನು ಜಾಲರಿ ಇಟ್ಟು ಬೆಸೆದೆ. ಕಿವಿ ಬೆಸೆದರೆ ಬಾಳದು ಎಂದು ಮೇಲೆ ಬರೆದವನೇ ನಾನು, ಆದರೂ ಹೊರೆ ಇಳಿದ ಆ ಕಿವಿ ಮರುವರ್ಷದ ಮಳೆಗಾಲವನ್ನೂ ದಾಟಿತು.

ಇನ್ನೆರಡು ಕಾರಣಗಳನ್ನು ಬೇರೆಯವರ ಬೈಕುಗಳಲ್ಲಿ ಕಂಡಿದ್ದೇನೆ. ಬಿದ್ದಾಗ ಪ್ಯಾನೆಲ್ ಹಿಂದಿನ ಕಬ್ಬಿಣದ ಬ್ರಾಕೆಟ್ ಸ್ವಲ್ಪ ಬಾಗಿರುತ್ತದೆ, ಹೊಸ ಪ್ಲಾಸ್ಟಿಕ್ಕನ್ನು ಅದಕ್ಕೆ ತಕ್ಕಂತೆ ತಿರುಚಿ ಬಿಗಿದಿರುತ್ತಾರೆ. ಹೊಸದನ್ನು ಬೋಲ್ಟಿಲ್ಲದೆ ಸುಮ್ಮನೆ ಇಟ್ಟು ನೋಡಿ. ಎಲ್ಲ ತೂತುಗಳೂ ತಾವಾಗಿಯೇ ನೇರ ಕೂರಬೇಕು. ಇಲ್ಲದಿದ್ದರೆ ಮೊದಲು ಬ್ರಾಕೆಟ್ ಸರಿಮಾಡಿ. ಮತ್ತೊಂದು, ಹೊರಗಿನಿಂದ ಹಾಕಿಸಿದ ಕ್ರ್ಯಾಶ್ ಗಾರ್ಡ್ ಅಥವಾ ಬ್ಯಾಗ್ ಕಟ್ಟುವ ಕಂಬಿ ಪ್ಯಾನೆಲ್‌ನ ಬೋಲ್ಟನ್ನೇ ಹಂಚಿಕೊಂಡಿರುತ್ತದೆ. ಬೈಕು ಮಲಗಿದಾಗ ಕಂಬಿಗೆ ಬಿದ್ದ ಏಟು ನೇರ ಪ್ಲಾಸ್ಟಿಕ್ಕಿಗೆ ಬರುತ್ತದೆ.

ಬೋಲ್ಟು ಸಡಿಲವಾಗದಂತೆ ಥ್ರೆಡ್ ಲಾಕರ್ ಹಾಕಬಹುದೇ?

ಪ್ಲಾಸ್ಟಿಕ್‌ಗೆ ತಾಗುವ ಕಡೆ ಬೇಡವೇ ಬೇಡ. ಬೋಲ್ಟು ಹಿಡಿಯಲು ಹಚ್ಚುವ ಆ ದ್ರವ ಎಬಿಎಸ್ ಮತ್ತು ವೈಸರ್ ಮಾಡುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನಲ್ಲಿ ಸಣ್ಣ ಸಣ್ಣ ಬಿರುಕು ಹುಟ್ಟಿಸುತ್ತದೆ. ಬ್ರೇಕ್ ಆಯಿಲ್ ಕೂಡ ಹಾಗೆಯೇ, ಬಣ್ಣವನ್ನೂ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ಧಾರಾಳ ನೀರು ಹಾಕಿ ತೊಳೆಯಿರಿ. ಸಡಿಲವಾಗುವ ಬೋಲ್ಟಿಗೆ ಹೊಸ ಗ್ರಾಮೆಟ್ ಹಾಕಿ, ಐನೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ಕೈಯಾಡಿಸಿ ನೋಡಿದರೆ ಸಾಕು.

ಮುಂದಿನ ಮಡ್‌ಗಾರ್ಡ್ ಬದಲಿಸಲು ಚಕ್ರ ಬಿಚ್ಚಲೇಬೇಕೇ?

ಹೆಡ್‌ಲೈಟ್ ಕೆಳಗಿನ ಎತ್ತರದ ಕೊಕ್ಕಿಗೆ ಬೇಡ. ಟೈರಿಗೆ ಅಂಟಿಕೊಂಡಂತಿರುವ ಕೆಳಗಿನ ಮಡ್‌ಗಾರ್ಡಿಗೆ ಸಾಮಾನ್ಯವಾಗಿ ಬೇಕಾಗುತ್ತದೆ. 411ರ ಹಿಮಾಲಯನ್, ಎಕ್ಸ್‌ಪಲ್ಸ್ 200 ಎರಡರ ಮುಂಚಕ್ರವೂ 21 ಇಂಚಿನದು, ಮಡ್‌ಗಾರ್ಡನ್ನು ತಿರುಚಿ ಎಳೆಯುವುದಕ್ಕಿಂತ ಚಕ್ರ ಇಳಿಸುವುದೇ ಕ್ಷೇಮ.

ಬೈಕನ್ನು ಗಟ್ಟಿಯಾಗಿ ನಿಲ್ಲಿಸಿ. ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಬಿಚ್ಚಿದರೆ ಅದನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡದೆ ದಾರದಿಂದ ಹ್ಯಾಂಡಲ್‌ಗೆ ಕಟ್ಟಿ. ಚಕ್ರ ಹೊರಗಿರುವಾಗ ಯಾರೂ ಮುಂದಿನ ಬ್ರೇಕ್ ಒತ್ತಬಾರದು, ಒತ್ತಿದರೆ ಕ್ಯಾಲಿಪರ್‌ನೊಳಗಿನ ಪಿಸ್ಟನ್ ಹೊರಕ್ಕೆ ಬರುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮೊದಲೇ ಹೇಳಿಡಿ. ಮಡ್‌ಗಾರ್ಡಿನ ಬೋಲ್ಟುಗಳು ಫೋರ್ಕಿನ ಅಲ್ಯೂಮಿನಿಯಂ ಮೈಗೆ ಹೋಗುತ್ತವೆ. ಮೊದಲು ಎಲ್ಲವನ್ನೂ ಬೆರಳಿನಲ್ಲೇ ಎರಡು ಮೂರು ಸುತ್ತು ಹಾಕಿ, ಆಮೇಲೆ ಬಿಗಿಯಿರಿ. ಓರೆ ಹತ್ತಿಸಿ ಥ್ರೆಡ್ ಹಾಳು ಮಾಡಿದರೆ ಮಡ್‌ಗಾರ್ಡಿನ ಖರ್ಚಿಗಿಂತ ಅದರ ಖರ್ಚು ದೊಡ್ಡದು.

ಬ್ರೇಕ್ ಪೈಪ್ ಮತ್ತು ಎಬಿಎಸ್ ಸೆನ್ಸರ್ ವೈರ್ ಮಡ್‌ಗಾರ್ಡಿನ ಪಕ್ಕದ ಕ್ಲಿಪ್ಪುಗಳಲ್ಲಿ ಹಾದುಹೋಗುತ್ತವೆ. ಆ ಕ್ಲಿಪ್ಪುಗಳನ್ನು ಹೊಸದಕ್ಕೆ ಮರೆಯದೆ ಹಾಕಿ. ವೈರು ಟೈರಿಗೆ ಉಜ್ಜಿ ಸವೆದ ಬೈಕು ನಾನು ನೋಡಿದ್ದೇನೆ. ಚಕ್ರ ಹಾಕಿದ ಮೇಲೆ ಆಕ್ಸಲ್ ಅನ್ನು ಮ್ಯಾನ್ಯುಯಲ್‌ನ ಅಳತೆಗೆ ಬಿಗಿದು, ಹೊರಡುವ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಿ. ಹ್ಯಾಂಡಲ್ಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ಏನೂ ಎಳೆಯುತ್ತಿಲ್ಲ, ತಾಗುತ್ತಿಲ್ಲ ಎಂದು ನೋಡಿ. ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದವರು ಈ ಒಂದು ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ವೈಸರ್ ಬೋಲ್ಟಿನ ಸುತ್ತ ಜೇಡರ ಬಲೆಯಂತೆ ಬಿರುಕು ಬಿಟ್ಟಿದೆ.

ಅತಿಯಾಗಿ ಬಿಗಿದಿದ್ದಾರೆ. ವೈಸರ್ ಕೂರುವುದು ಒಳಗೆ ಹಿತ್ತಾಳೆ ನಟ್ ಇರುವ ರಬ್ಬರ್ ಬಿರಡೆಯಲ್ಲಿ. ಬೋಲ್ಟು ತಿರುಗಿದಂತೆ ರಬ್ಬರ್ ಉಬ್ಬಿ ಹಿಡಿಯುತ್ತದೆ. ಅಲೆನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುವಷ್ಟು ಬಲ ಸಾಕು. ರಬ್ಬರ್ ಒಣಗಿ ಬಿರಿದಿದ್ದರೆ ಅದನ್ನೂ ಬದಲಿಸಿ. ಪೆಟ್ರೋಲ್, ಥಿನ್ನರ್, ಅಮೋನಿಯ ಇರುವ ಗಾಜು ಒರೆಸುವ ದ್ರವ, ಯಾವುದನ್ನೂ ಪಾಲಿಕಾರ್ಬೊನೇಟ್ ವೈಸರ್ ಮೇಲೆ ಹಾಕಬೇಡಿ. ಸೋಪಿನ ನೀರು, ಮೆತ್ತನೆಯ ಬಟ್ಟೆ.

ವಿಮೆಯಲ್ಲಿ ಹಣ ಸಿಗುತ್ತದೆಯೇ?

ಸ್ವಂತ ಹಾನಿಯ ವಿಮೆ ಇದ್ದರೆ ಸಿಗುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಬೈಕು ಹೊಸದೋ ಹಳೆಯದೋ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇಕಡ 50ರಷ್ಟನ್ನು ಸವಕಳಿಯೆಂದು ಕಳೆಯುತ್ತಾರೆ. ದ್ವಿಚಕ್ರ ವಾಹನಕ್ಕೆ ಕಡ್ಡಾಯವಾಗಿ ನಾವೇ ಭರಿಸಬೇಕಾದ 100 ರೂಪಾಯಿಯೂ ಇದೆ. 3,000 ರೂಪಾಯಿಯ ಪ್ಯಾನೆಲ್‌ಗೆ ಕೈಗೆ ಬರುವುದು 1,400. ಇಷ್ಟಕ್ಕಾಗಿ ಒಂದು ಕ್ಲೇಮ್ ಮಾಡಿದರೆ ಅಲ್ಲಿಯವರೆಗೆ ಕೂಡಿದ ನೋ ಕ್ಲೇಮ್ ಬೋನಸ್ ಪೂರ್ತಿ ಹೋಗುತ್ತದೆ. ಕ್ಲೇಮ್ ಮಾಡದೆ ಕಳೆದ ಮೊದಲ ವರ್ಷಕ್ಕೆ ಶೇಕಡ 20ರಿಂದ ಆರಂಭವಾಗಿ ಐದು ವರ್ಷಕ್ಕೆ 50ರವರೆಗೆ ಏರುವ ಪ್ರೀಮಿಯಂ ರಿಯಾಯಿತಿ ಅದು. ಒಂದೇ ಪ್ಯಾನೆಲ್ ಆದರೆ ಕೈಯಿಂದ ಹಾಕಿ. ಫೋರ್ಕ್, ಹ್ಯಾಂಡಲ್, ಟ್ಯಾಂಕ್ ಸೇರಿ ಏಟಾಗಿದ್ದರೆ ಕ್ಲೇಮ್ ಮಾಡಿ, ಆಗ ಬಿಚ್ಚುವ ಮೊದಲೇ ವಿಮಾ ಕಂಪನಿಗೆ ತಿಳಿಸಬೇಕು. ಸವಕಳಿ ಕಳೆಯದ ಪಾಲಿಸಿಯೂ ಸಿಗುತ್ತದೆ. ಮಳೆಗಾಲದಲ್ಲಿ ಮಣ್ಣಿನ ದಾರಿಗೆ ಹೋಗುವವರಿಗೆ ಅದರ ಹೆಚ್ಚುವರಿ ಪ್ರೀಮಿಯಂ ಕೊಡುವುದು ಸರಿ ಎಂದು ನನ್ನ ಅಭಿಪ್ರಾಯ.

ಹೊಸ ಭಾಗದ ಬಣ್ಣ ಹಳೆಯದಕ್ಕೆ ಹೊಂದುತ್ತಿಲ್ಲ.

ಹಳೆಯದು ಬಿಸಿಲಿಗೆ ಮಾಸಿದೆ, ಹೊಸದು ತಪ್ಪು ಬಣ್ಣದ್ದಲ್ಲ. ಒಂದೆರಡು ಬೇಸಿಗೆಯಲ್ಲಿ ಹತ್ತಿರ ಬರುತ್ತದೆ. ಪಿಪಿ ಭಾಗಕ್ಕೆ ಬಣ್ಣ ಹೊಡೆಸುವುದಾದರೆ ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರ್ ಮೊದಲು ಹಾಕಿಸಿ, ಇಲ್ಲದಿದ್ದರೆ ಮೊದಲ ತೊಳೆತಕ್ಕೇ ಹಪ್ಪಳದಂತೆ ಏಳುತ್ತದೆ.

ಊರಿಂದ ದೂರ, ಕಾಡು ದಾರಿಯಲ್ಲಿ ಒಡೆದರೆ?

ಮೊದಲು ಮುರಿದ ಚೂರುಗಳನ್ನೆಲ್ಲ ಹೆಕ್ಕಿ ಚೀಲಕ್ಕೆ ಹಾಕಿ. ಕಾಡಿನಲ್ಲಿ ಪ್ಲಾಸ್ಟಿಕ್ ಬಿಟ್ಟು ಬರಬಾರದು, ಬೆಸೆಯುವಾಗ ಆ ಚೂರು ನಿಮಗೇ ಬೇಕಾಗುತ್ತದೆ. ಕೇಬಲ್ ಟೈ ಒಂದು ಹಿಡಿ, ಅಗಲ ಟೇಪು ಸ್ವಲ್ಪ ಜೊತೆಗಿರಲಿ. ಬಿರುಕಿನ ಎರಡೂ ಕಡೆ ಕಾಯಿಸಿದ ಮೊಳೆಯಿಂದ ತೂತು ಮಾಡಿ ಕೇಬಲ್ ಟೈಯಿಂದ ಹೊಲಿದರೆ ಮನೆ ಮುಟ್ಟಬಹುದು. ಟೇಪು ಒದ್ದೆ ಮೈಗೆ ಹಿಡಿಯುವುದಿಲ್ಲ, ಬಟ್ಟೆಯಲ್ಲಿ ಒರೆಸಿ, ಎಂಜಿನ್ ಶಾಖದಲ್ಲಿ ಒಣಗಿಸಿ ಹಾಕಿ. ಕೆಳಗಿನ ಮಡ್‌ಗಾರ್ಡ್ ಆಗಿದ್ದರೆ ಕಟ್ಟುವ ಗೋಜಿಗೆ ಹೋಗದೆ ಪೂರ್ತಿ ಬಿಚ್ಚಿ ಹಿಂದೆ ಕಟ್ಟಿಕೊಂಡು ಬನ್ನಿ, ಪೈಪು ವೈರುಗಳನ್ನು ಫೋರ್ಕಿಗೆ ಬಿಗಿಯಲು ಮರೆಯಬೇಡಿ. ಮುಖಕ್ಕೆ ಕೆಸರು ಹಾರುತ್ತದೆ, ಹೆಲ್ಮೆಟ್ಟಿನ ಗಾಜು ಇಳಿಸಿ ನಿಧಾನ ಬನ್ನಿ.

ಹಿಂದಿನ ಮಡ್‌ಗಾರ್ಡ್ ಮುರಿದಿದೆ. ನಂಬರ್ ಪ್ಲೇಟನ್ನು ಹೊಸದಕ್ಕೆ ಬದಲಿಸಿಕೊಳ್ಳಬಹುದೇ?

ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟಿನ ಹಿಂಬದಿಯ ಲಾಕು ಒಮ್ಮೆ ಬಿಚ್ಚಿದರೆ ಮತ್ತೆ ಬಳಸಲು ಬಾರದಂತೆಯೇ ಮಾಡಿರುತ್ತಾರೆ. ಪ್ಲೇಟು ಅದರದೇ ಲೋಹದ ಪಟ್ಟಿಯ ಮೇಲಿದ್ದರೆ ಪಟ್ಟಿ ಸಮೇತ ಬಿಚ್ಚಿ ಹೊಸದಕ್ಕೆ ಹಾಕಿ, ಲಾಕು ಮುಟ್ಟಬೇಡಿ. ನೇರ ಮಡ್‌ಗಾರ್ಡಿಗೇ ಹೊಡೆದಿದ್ದರೆ ಅಧಿಕೃತ ಡೀಲರ್ ಬಳಿ ಮಾಡಿಸಿ.

ಹಳೆಯ ಪ್ಯಾನೆಲ್ ಏನು ಮಾಡಲಿ?

ಸರ್ವಿಸ್ ಸೆಂಟರಿನಲ್ಲಿ ಬದಲಿಸಿದ್ದರೆ ಕೇಳಿ ತನ್ನಿ. ವಿಮೆಯ ಕ್ಲೇಮ್ ಆಗಿದ್ದರೆ ಮಾತ್ರ ಅವರೇ ಇಟ್ಟುಕೊಳ್ಳಬಹುದು. ಅದರಲ್ಲಿ ಉಳಿದಿರುವ ಗ್ರಾಮೆಟ್, ಬುಷ್, ಕ್ಲಿಪ್ ನಟ್‌ಗಳನ್ನು ಬಿಡಿಸಿ ಒಂದು ಡಬ್ಬಿಗೆ ಹಾಕಿ, ಎಡದ್ದೋ ಬಲದ್ದೋ ಎಂದು ಚೀಟಿ ಅಂಟಿಸಿ. ಉಳಿದ ಪ್ಲಾಸ್ಟಿಕ್ಕನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಡಿ. ಮುಂದೆ ಬೆಸೆಯಬೇಕಾದಾಗ ಅದಕ್ಕಿಂತ ಸರಿಹೊಂದುವ ಕಡ್ಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.